‘ಅನ್‌ಲಿಮಿಟೆಡ್’ ಇಂಟರ್ನೆಟ್‌ಗೂ ಮಿತಿ ಇದೆ: ಅದನ್ನು ತಿಳಿಸುವ ಮೆಸೇಜ್ ಯಾರ ಫೋನಿಗೆ ಬರುತ್ತಿದೆ?

ತಿಂಗಳ 20ನೇ ತಾರೀಕು ದಾಟಿತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಮಾತು: “ನೆಟ್ ಭಾರೀ ಸ್ಲೋ.” ಗಲ್ಫಿನಿಂದ ವೀಡಿಯೊ ಕಾಲ್ ಬಂದರೆ ಮುಖ ಅಲ್ಲೇ ನಿಂತುಬಿಡುತ್ತದೆ, ಮಾತು ತುಂಡು ತುಂಡಾಗಿ ಬರುತ್ತದೆ. ಮಕ್ಕಳ ಆನ್‌ಲೈನ್ ಕ್ಲಾಸ್ ತಿರುಗುತ್ತಾ ಕೂತಿರುತ್ತದೆ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿದರೆ, “ಲೈನ್ ಸರಿ ಉಂಟು, ಒಮ್ಮೆ ರೂಟರ್ ಆಫ್ ಮಾಡಿ ಆನ್ ಮಾಡಿ” ಎಂಬ ಉತ್ತರ. ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ. ಹೊಸ ಬಿಲ್ ಶುರುವಾದ ದಿನ ಯಾರೂ ಏನೂ ಮಾಡದೆ ಅದರಷ್ಟಕ್ಕೆ ಸರಿಯಾಗುತ್ತದೆ.

ಹೀಗೆ ತಿಂಗಳ ಕೊನೆಗೆ ಕೆಟ್ಟು, ಬಿಲ್ ದಿನಕ್ಕೆ ಸರಿಯಾಗುವ ಇಂಟರ್ನೆಟ್‌ಗೆ ರೋಗ ಬಹುಮಟ್ಟಿಗೆ ಒಂದೇ. ಅದು ಡೇಟಾ ಮಿತಿ. ಕಂಪೆನಿಯವರ ಭಾಷೆಯಲ್ಲಿ ‘ಎಫ್‌ಯುಪಿ’, ಅಂದರೆ ಫೇರ್ ಯೂಸೇಜ್ ಪಾಲಿಸಿ. ಇಷ್ಟು ಜಿಬಿ ತನಕ ಹೇಳಿದ ವೇಗ, ಅದು ಮುಗಿದ ಮೇಲೆ ಕಡಿಮೆ ವೇಗ. ಕನೆಕ್ಷನ್ ನಿಲ್ಲುವುದಿಲ್ಲ, ಅದಕ್ಕಾಗಿ ಅದನ್ನು ‘ಅನ್‌ಲಿಮಿಟೆಡ್’ ಎಂದು ಕರೆಯುತ್ತಾರೆ. ಆದರೆ ವೇಗಕ್ಕೆ ಲಿಮಿಟ್ ಇದೆ.

ಈ ಮಿತಿ ಇರುವುದೇ ಅನ್ಯಾಯ ಎಂದು ಹೇಳುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ಮಿತಿ ಎಷ್ಟು, ಯಾವಾಗ ಮುಗಿಯಿತು, ಮುಗಿದ ಮೇಲೆ ಎಷ್ಟು ವೇಗ ಕೊಡುತ್ತಾರೆ ಎಂಬುದನ್ನು ಗ್ರಾಹಕರಿಗೆ ತಿಳಿಸಲೇಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಇದೆ. ನಮ್ಮ ಮನೆಗಳಲ್ಲಿ ಆ ತಿಳುವಳಿಕೆ ತಲುಪಬೇಕಾದವರಿಗೆ ತಲುಪುತ್ತಿಲ್ಲ. ಅದು ಏಕೆ, ಸರಿಮಾಡುವುದು ಹೇಗೆ ಎಂಬುದೇ ಇಲ್ಲಿರುವ ವಿಷಯ.

ವೇಗ ಬೇರೆ, ಡೇಟಾ ಬೇರೆ

ಮೊದಲು ಎರಡು ಲೆಕ್ಕಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಪೈಪಿನ ಗಾತ್ರ ಒಂದು, ಟ್ಯಾಂಕಿಯಲ್ಲಿರುವ ನೀರು ಇನ್ನೊಂದು. ‘100 ಎಂಬಿಪಿಎಸ್ ಪ್ಲಾನ್’ ಎಂದರೆ ಪೈಪಿನ ಗಾತ್ರ. ‘1000 ಜಿಬಿ’ ಎಂದರೆ ಆ ತಿಂಗಳಿಗೆ ಟ್ಯಾಂಕಿಯಲ್ಲಿರುವ ನೀರು. ಕನೆಕ್ಷನ್ ಮಾರಲು ಬರುವವರು ಪೈಪಿನ ಗಾತ್ರವನ್ನು ದೊಡ್ಡದಾಗಿ ಹೇಳುತ್ತಾರೆ. ಟ್ಯಾಂಕಿಯ ಮಾತನ್ನು ನಾವಾಗಿ ಕೇಳದಿದ್ದರೆ ಹೇಳುವುದು ಕಡಿಮೆ.

ಇನ್ನೊಂದು ಗೊಂದಲ ಉಂಟು. ಎಂಬಿಪಿಎಸ್ ಎಂಬುದರಲ್ಲಿರುವ ‘ಬಿ’ ಬಿಟ್, ನಮ್ಮ ಫೋನಿನಲ್ಲಿ ಫೈಲ್‌ನ ಗಾತ್ರ ತೋರಿಸುವ ‘ಎಂಬಿ’ಯಲ್ಲಿರುವುದು ಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್ ಎಂದರೆ ಒಂದು ಸೆಕೆಂಡಿಗೆ 100 ಎಂಬಿ ಅಲ್ಲ, 12.5 ಎಂಬಿ. ಆ ವೇಗದಲ್ಲಿ 1 ಜಿಬಿಯ ಫೈಲ್ ಇಳಿಯಲು ಸುಮಾರು 80 ಸೆಕೆಂಡ್ ಬೇಕು. ಮಿತಿ ಮುಗಿದು ವೇಗ 2 ಎಂಬಿಪಿಎಸ್‌ಗೆ ಇಳಿದರೆ ಅದೇ ಫೈಲ್‌ಗೆ ಒಂದು ಗಂಟೆಗೂ ಹೆಚ್ಚು. 512 ಕೆಬಿಪಿಎಸ್‌ಗೆ ಇಳಿದರೆ ನಾಲ್ಕು ಗಂಟೆಗೂ ಹೆಚ್ಚು. ‘ನೆಟ್ ಇದೆ, ಆದರೆ ಇಲ್ಲ’ ಎಂದು ಅನ್ನಿಸುವುದು ಇದರಿಂದಲೇ.

ಟ್ಯಾಂಕಿಯ ಗಾತ್ರ ಪ್ಲಾನ್‌ನಿಂದ ಪ್ಲಾನ್‌ಗೆ ಬೇರೆ. ಮನೆಗೆ ಫೈಬರ್ ತಂತಿ ಎಳೆದು ಕೊಡುವ ದೊಡ್ಡ ಕಂಪೆನಿಗಳ ಅನೇಕ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಇರುತ್ತದೆ. ದಿನಕ್ಕೆ 110 ಜಿಬಿ ಆಯಿತು, ಸಾಮಾನ್ಯ ಮನೆಗೆ ಧಾರಾಳ. ತಂತಿ ಇಲ್ಲದೆ ತಾರಸಿಯ ಮೇಲೆ ಪೆಟ್ಟಿಗೆ ಕೂರಿಸಿ 5ಜಿ ಸಿಗ್ನಲ್‌ನಿಂದ ಕೊಡುವ ಮನೆ ಇಂಟರ್ನೆಟ್‌ನಲ್ಲಿ ಸಾಮಾನ್ಯವಾಗಿ 1000 ಜಿಬಿ. ಅಗ್ಗದ ಹಳೆಯ ಪ್ಲಾನ್‌ಗಳಲ್ಲಿ ಇದಕ್ಕಿಂತಲೂ ಬಹಳ ಕಡಿಮೆ ಇರುವುದುಂಟು. ಒಂದೇ ಓಣಿಯ ಎರಡು ಮನೆಗಳು ಒಂದೇ ದುಡ್ಡು ಕೊಟ್ಟರೂ ಮಿತಿ ಬೇರೆ ಬೇರೆ ಇರಬಹುದು. ‘ಅವರ ಮನೆಯಲ್ಲಿ ಸರಿ ಬರ್ತದೆ, ನಮ್ಮಲ್ಲಿ ಮಾತ್ರ ಇಲ್ಲ’ ಎನ್ನುವ ಮೊದಲು ಪ್ಲಾನ್‌ನ ಹೆಸರು ನೋಡಬೇಕು.

ಇಷ್ಟು ಡೇಟಾ ಎಲ್ಲಿಗೆ ಹೋಗುತ್ತದೆ?

“ನಾವು ಅಷ್ಟೆಲ್ಲ ನೋಡುವುದೇ ಇಲ್ಲ” ಎಂದು ಎಲ್ಲರೂ ಹೇಳುತ್ತಾರೆ. ಒಂದು ಲೆಕ್ಕ ಹಾಕಿ ನೋಡೋಣ. ದೊಡ್ಡ ಟಿವಿಯಲ್ಲಿ ಎಚ್‌ಡಿ ವೀಡಿಯೊ ಗಂಟೆಗೆ ಸುಮಾರು 3 ಜಿಬಿ ತನಕ ತಿನ್ನುತ್ತದೆ, 4ಕೆ ಆದರೆ 7 ಜಿಬಿ ತನಕ. ಮನೆಯವರೆಲ್ಲ ಸೇರಿ ದಿನಕ್ಕೆ 5 ಗಂಟೆ ಎಚ್‌ಡಿ ನೋಡಿದರೆ 15 ಜಿಬಿ, ತಿಂಗಳಿಗೆ 450 ಜಿಬಿ. ಮೂರು ಫೋನ್‌ಗಳು ದಿನಕ್ಕೆ ತಲಾ 2 ಜಿಬಿ ಬಳಸಿದರೆ ತಿಂಗಳಿಗೆ 180. ಗಲ್ಫಿನೊಂದಿಗೆ ದಿನಕ್ಕೆ ಒಂದು ಗಂಟೆ ವೀಡಿಯೊ ಮಾತುಕತೆಗೆ 1 ಜಿಬಿ ಎಂದಿಟ್ಟುಕೊಂಡರೆ 30. ಒಟ್ಟು 660 ಜಿಬಿ. 1000 ಜಿಬಿಯ ಪ್ಲಾನ್‌ನಲ್ಲಿ ಇನ್ನೂ ಜಾಗ ಇದೆ.

ಈಗ ಸಿಸಿಟಿವಿ ಸೇರಿಸಿ. ಮನೆಯ ಗಂಡಸರು ಹೊರದೇಶದಲ್ಲಿರುವಾಗ ಗೇಟಿಗೊಂದು, ಜಗಲಿಗೊಂದು ಕ್ಯಾಮೆರಾ ಹಾಕಿಸುವುದು ಈಗ ನಮ್ಮಲ್ಲಿ ಸಾಮಾನ್ಯ. ರೆಕಾರ್ಡಿಂಗ್ ಮನೆಯೊಳಗಿನ ಡಿವಿಆರ್ ಪೆಟ್ಟಿಗೆಯಲ್ಲೋ ಕ್ಯಾಮೆರಾದ ಮೆಮೊರಿ ಕಾರ್ಡ್‌ನಲ್ಲೋ ಉಳಿದರೆ ಇಂಟರ್ನೆಟ್ ಖರ್ಚಾಗುವುದಿಲ್ಲ. ಆದರೆ ಹಗಲೂ ರಾತ್ರಿ ಕ್ಲೌಡ್‌ಗೆ ಕಳಿಸುವ ಕ್ಯಾಮೆರಾ ಆದರೆ, 1 ಎಂಬಿಪಿಎಸ್‌ನಲ್ಲಿ ಕಳಿಸಿದರೂ ದಿನಕ್ಕೆ 10.8 ಜಿಬಿ, ತಿಂಗಳಿಗೆ 324 ಜಿಬಿ. ಮೇಲಿನ 660ಕ್ಕೆ ಒಂದೇ ಒಂದು ಕ್ಯಾಮೆರಾ ಸೇರಿದರೆ 984. ಎರಡನೆಯದು ಸೇರಿದರೆ ತಿಂಗಳು ಮುಗಿಯುವ ಮೊದಲೇ 1000 ಜಿಬಿ ಖಾಲಿ. ಡಿವಿಆರ್ ಇದ್ದರೂ, ದುಬೈಯ ರೂಮಿನಲ್ಲಿ ಕೂತು ಮಗ ಮೊಬೈಲ್ ಆ್ಯಪ್‌ನಲ್ಲಿ ಮನೆಯ ಗೇಟನ್ನು ನೋಡುತ್ತಿದ್ದಷ್ಟು ಹೊತ್ತು ಡೇಟಾ ಹೋಗುತ್ತಲೇ ಇರುತ್ತದೆ. ಅನೇಕ ಪ್ಲಾನ್‌ಗಳಲ್ಲಿ ಇಳಿಸಿದ ಡೇಟಾ ಮಾತ್ರವಲ್ಲ, ಮನೆಯಿಂದ ಕಳಿಸಿದ ಡೇಟಾ ಕೂಡ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಇದರ ಜೊತೆ ಎರಡು ಸಣ್ಣ ಕಳ್ಳರು ಇದ್ದಾರೆ. ಒಂದು, ಒಂದು ವೀಡಿಯೊ ಮುಗಿದ ಕೂಡಲೇ ಇನ್ನೊಂದನ್ನು ತಾನಾಗಿ ಶುರುಮಾಡುವ ಆಟೊಪ್ಲೇ. ಮಕ್ಕಳು ನಿದ್ದೆ ಹೋದರೂ ಟಿವಿ ಎಚ್ಚರವಾಗಿರುತ್ತದೆ. ಇನ್ನೊಂದು, ಮದುವೆಗೆ ಬಂದ ನೆಂಟರಿಗೆ, ಬಾಡಿಗೆ ರೂಮಿನವರಿಗೆ, ಪಕ್ಕದ ಮನೆಯ ಹುಡುಗರಿಗೆ ಕೊಟ್ಟ ವೈಫೈ ಪಾಸ್‌ವರ್ಡ್. ಮದುವೆ ಮುಗಿದು ವರ್ಷ ಆದರೂ ಆ ಪಾಸ್‌ವರ್ಡ್ ಊರಲ್ಲಿ ತಿರುಗುತ್ತಿರುತ್ತದೆ. ಆರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಿ. ಕೊಡಬೇಕಾದವರಿಗೆ ಹೊಸತನ್ನು ಮತ್ತೆ ಕೊಟ್ಟರಾಯಿತು.

ನಿಯಮ ಏನು ಹೇಳುತ್ತದೆ?

ಟೆಲಿಫೋನ್, ಇಂಟರ್ನೆಟ್ ಕಂಪೆನಿಗಳ ಮೇಲೆ ಕಣ್ಣಿಡಲು ಟ್ರಾಯ್ ಎಂಬ ಪ್ರಾಧಿಕಾರ 1997ರಿಂದ ಇದೆ. ಮನೆ ಇಂಟರ್ನೆಟ್‌ಗೆ ಎಷ್ಟು ದುಡ್ಡು ತೆಗೆದುಕೊಳ್ಳಬೇಕು, ಎಷ್ಟು ಜಿಬಿ ಕೊಡಬೇಕು ಎಂದು ಟ್ರಾಯ್ ನಿಗದಿ ಮಾಡುವುದಿಲ್ಲ, ಅದು ಕಂಪೆನಿಗೆ ಬಿಟ್ಟದ್ದು. ಆದರೆ ಮುಚ್ಚಿಡಬಾರದು ಎಂದು ಹೇಳಿದೆ. 2012ರ ಜುಲೈನಲ್ಲಿ ಮೊದಲ ಬಾರಿ, ಮತ್ತೆ 2016ರ ಅಕ್ಟೋಬರ್ 31ರಂದು ಇನ್ನೂ ಬಿಗಿಯಾಗಿ ಆದೇಶ ಹೊರಡಿಸಿತು.

ಆ ಆದೇಶದಲ್ಲಿ ಮನೆಯವರು ನೆನಪಿಡಬೇಕಾದದ್ದು ಮೂರು ಮಾತು. ಒಂದನೆಯದು, ಡೇಟಾ ಮಿತಿ ಎಷ್ಟು, ಮಿತಿಯ ತನಕ ವೇಗ ಎಷ್ಟು, ಮಿತಿ ದಾಟಿದ ಮೇಲೆ ವೇಗ ಎಷ್ಟು ಎಂಬುದನ್ನು ಕಂಪೆನಿ ತನ್ನ ವೆಬ್‌ಸೈಟ್‌ನಲ್ಲೂ ಜಾಹೀರಾತಿನಲ್ಲೂ ಸ್ಪಷ್ಟವಾಗಿ ಹೇಳಬೇಕು. ಎರಡನೆಯದು, ಬಳಕೆ ಮಿತಿಯ ಶೇ. 50, ಶೇ. 90 ಮತ್ತು ಶೇ. 100 ತಲುಪಿದಾಗ ಗ್ರಾಹಕರಿಗೆ ಎಸ್ಸೆಮ್ಮೆಸ್ ಅಥವಾ ನೋಂದಾಯಿಸಿದ ಇಮೇಲ್‌ನಲ್ಲಿ ತಿಳಿಸಬೇಕು. ಮೂರನೆಯದು, ಮಿತಿ ಮುಗಿದ ಮೇಲೂ ಮನೆಯ ಬ್ರಾಡ್‌ಬ್ಯಾಂಡ್‌ನ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು.

ಆ 512 ಎಂಬ ಸಂಖ್ಯೆ ಆಗಿನ ಕಾಲದ್ದು. ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಸಾಕಿತ್ತು. 2013ರಲ್ಲಿ ಅದು 512 ಆಯಿತು. 2023ರ ಜನವರಿಯಲ್ಲಿ ಕೇಂದ್ರ ಸರಕಾರ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎಂದು ವ್ಯಾಖ್ಯೆ ಬದಲಾಯಿಸಿತು. ಹಾಗಾಗಿ ನಿಮ್ಮ ಪ್ಲಾನ್‌ನಲ್ಲಿ ಮಿತಿಯ ನಂತರದ ವೇಗ 2 ಎಂಬಿಪಿಎಸ್‌ಗಿಂತ ಕಡಿಮೆ ಎಂದು ಬರೆದಿದ್ದರೆ, ಅದನ್ನು ತೋರಿಸಿ ಕಾರಣ ಕೇಳಬಹುದು.

ಮೆಸೇಜ್ ಹೋದದ್ದು ಎಲ್ಲಿಗೆ?

ನಿಯಮ ಇಷ್ಟು ಸ್ಪಷ್ಟವಾಗಿದ್ದರೆ ಮನೆಯವರಿಗೆ ಏಕೆ ತಿಳಿಯುವುದಿಲ್ಲ? ಉತ್ತರ ನಮ್ಮ ಮನೆಗಳ ಸ್ಥಿತಿಯಲ್ಲೇ ಇದೆ. ಕನೆಕ್ಷನ್ ಗಂಡನ ಹೆಸರಲ್ಲಿ. ನೋಂದಾಯಿಸಿದ ನಂಬರ್ ಅವರ ಊರಿನ ಸಿಮ್. ಆ ಸಿಮ್ ಜುಬೈಲ್‌ನಲ್ಲೋ ಶಾರ್ಜಾದಲ್ಲೋ ಪರ್ಸಿನ ಒಳಗೆ ಮಲಗಿರುತ್ತದೆ. ಶೇ. 50 ಆದ ಮೆಸೇಜ್, ಶೇ. 90 ಆದ ಮೆಸೇಜ್, ಎಲ್ಲವೂ ಆ ನಂಬರಿಗೆ. ಮನೆಯಲ್ಲಿ ನೆಟ್ ಬಳಸುವ ಉಮ್ಮನಿಗೆ, ಓದುವ ಮಗಳಿಗೆ, ಸೊಸೆಗೆ ಏನೂ ಗೊತ್ತಾಗುವುದಿಲ್ಲ.

ಕೆಲವು ಕಡೆ ಇನ್ನೂ ವಿಚಿತ್ರ. ಕನೆಕ್ಷನ್ ಹಾಕುವ ದಿನ ಮನೆಯಲ್ಲಿ ಗಂಡಸರು ಇಲ್ಲದ ಕಾರಣ, ಹಾಕಲು ಬಂದವನು ತನ್ನದೇ ನಂಬರನ್ನೋ ತನ್ನ ಆಫೀಸಿನ ನಂಬರನ್ನೋ ಹಾಕಿಬಿಟ್ಟಿರುತ್ತಾನೆ. ಮೆಸೇಜ್ ಅವನಿಗೆ ಹೋಗುತ್ತದೆ. ನಿಮ್ಮ ಅಕೌಂಟ್ ತೆರೆಯುವ ಒಟಿಪಿಯೂ ಅವನಿಗೇ ಹೋಗುತ್ತದೆ. ಇನ್ನು, ತಿಂಗಳುಗಟ್ಟಲೆ ರೀಚಾರ್ಜ್ ಇಲ್ಲದ ಸಿಮ್ ಬಂದ್ ಆಗಿ, ಆ ನಂಬರ್ ಮುಂದೆ ಬೇರೊಬ್ಬರ ಪಾಲಾಗಲೂಬಹುದು. ಆಗ ನಿಮ್ಮ ಮನೆಯ ಲೆಕ್ಕ ಗುರುತಿಲ್ಲದವರ ಫೋನಿನಲ್ಲಿ.

ನಮ್ಮ ಮಹಲ್ಲಿನಲ್ಲೇ ಒಂದು ಮನೆ ಇದೆ. ಗಂಡ ಸೌದಿಯಲ್ಲಿ, ಮನೆಯಲ್ಲಿ ಅತ್ತೆ, ಸೊಸೆ, ಮೂವರು ಮಕ್ಕಳು. ತಿಂಗಳ ಅರ್ಧ ದಾಟಿದರೆ ನೆಟ್ ತೆವಳುತ್ತಿತ್ತು. ಪಿಯುಸಿ ಓದುವ ದೊಡ್ಡ ಮಗಳಿಗೆ ಪ್ರವೇಶ ಪರೀಕ್ಷೆಯ ಆನ್‌ಲೈನ್ ಕೋಚಿಂಗ್. ಅವಳು ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಪಾಠ ಡೌನ್‌ಲೋಡ್ ಮಾಡುತ್ತಿದ್ದಳು, ಅದೂ ಅರ್ಧಕ್ಕೆ ನಿಲ್ಲುತ್ತಿತ್ತು. ಕನೆಕ್ಷನ್‌ನವರನ್ನು ಕೇಳಿದರೆ, “ಇತ್ತ, ತಿಂಗಳಿಗೆ 300 ರೂಪಾಯಿ ಜಾಸ್ತಿ ಕೊಟ್ಟರೆ ದೊಡ್ಡ ಪ್ಲಾನ್ ಉಂಟು” ಎಂದರು. ಬಳಕೆ ನೋಡೋಣ ಎಂದು ಮಗಳು ಕಂಪೆನಿಯ ಆ್ಯಪ್ ಹಾಕಿದಳು. ಒಟಿಪಿ ಹೋದದ್ದು ಬಾಪನ ಸಿಮ್‌ಗೆ. ಅಲ್ಲಿಗೆ ದಾರಿ ಮುಚ್ಚಿತು.

ಆಮೇಲೆ ರಜೆಗೆ ಬಂದಾಗ ಅವರು ಹಳೆಯ ಸಿಮ್ ಫೋನಿಗೆ ಹಾಕಿದರು. ತಿಂಗಳ 9ನೇ ದಿನ ಶೇ. 50ರ ಮೆಸೇಜ್, 16ನೇ ದಿನ ಶೇ. 90ರ ಮೆಸೇಜ್ ಬಂತು. ಆ್ಯಪ್ ತೆರೆದು ದಿನದಿನದ ಬಳಕೆ ನೋಡಿದರೆ ನಡುರಾತ್ರಿಯಿಂದ ಬೆಳಗ್ಗಿನ ತನಕವೂ ಡೇಟಾ ಹೋಗಿದೆ. ಹುಡುಕಿದಾಗ ಸಿಕ್ಕಿದ್ದು ಮಕ್ಕಳ ಕೋಣೆಯ ಟಿವಿ. ಪರದೆ ಮಾತ್ರ ಆಫ್, ಅದಕ್ಕೆ ಸಿಕ್ಕಿಸಿದ ಸಣ್ಣ ಸ್ಟಿಕ್ ಇಡೀ ರಾತ್ರಿ ವೀಡಿಯೊ ಓಡಿಸುತ್ತಿತ್ತು. ರಾತ್ರಿ ಸ್ವಿಚ್ ಬೋರ್ಡ್‌ನಲ್ಲೇ ಆಫ್ ಮಾಡುವ ಅಭ್ಯಾಸ ಮಾಡಿದರು. ನೋಂದಾಯಿಸಿದ ನಂಬರನ್ನು ಮನೆಯಾಕೆಯ ನಂಬರಿಗೆ ಬದಲಾಯಿಸಿದರು. ಮರುತಿಂಗಳು ಶೇ. 90ರ ಮೆಸೇಜ್ ಬಂದದ್ದು 28ಕ್ಕೆ, ಅದೂ ಅವರ ಕೈಗೇ. 300 ರೂಪಾಯಿಯ ದೊಡ್ಡ ಪ್ಲಾನ್ ಬೇಕಾಗಲೇ ಇಲ್ಲ.

ಹಾಗಾಗಿ ಮೊದಲ ಕೆಲಸ ಇದು: ನಿಮ್ಮ ಕನೆಕ್ಷನ್‌ಗೆ ಯಾವ ನಂಬರ್ ನೋಂದಣಿಯಾಗಿದೆ ಎಂದು ಕೇಳಿ. ಮನೆಯಲ್ಲಿರುವವರ ನಂಬರ್ ಅಲ್ಲದಿದ್ದರೆ ಬದಲಾಯಿಸಿ. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರು ರಜೆಗೆ ಬಂದಾಗ ಮಾಡಿದರೆ ಸುಲಭ, ಏಕೆಂದರೆ ಹಳೆಯ ನಂಬರಿಗೆ ಬರುವ ಒಟಿಪಿ ಬೇಕಾಗುತ್ತದೆ. ಹೊಸ ಕನೆಕ್ಷನ್ ತೆಗೆದುಕೊಳ್ಳುವವರು ಮನೆಯಲ್ಲಿ ಇರುವ ಹೆಂಗಸರ ಹೆಸರಲ್ಲೇ, ಅವರ ನಂಬರಿನಲ್ಲೇ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ರಿಪೇರಿಗೆ ಕರೆಯುವವರು, ದೂರು ಕೊಡುವವರು ಅವರೇ ತಾನೆ?

ಸ್ಲೋ ಆದದ್ದು ಮಿತಿಯಿಂದಲೋ, ಬೇರೆ ಕಾರಣದಿಂದಲೋ?

ದೂರು ಕೊಡುವ ಮೊದಲು ಇದನ್ನು ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ರೂಟರ್ ಇರುವ ಕೋಣೆಯಲ್ಲೇ ನಿಂತು, ಬೇರೆ ಫೋನ್‌ಗಳ ವೈಫೈ ಆಫ್ ಮಾಡಿಸಿ, ಸ್ಪೀಡ್ ಟೆಸ್ಟ್ ಮಾಡಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಸಲ ಮಾಡಿ. ಮೂರು ಸಲವೂ ವೇಗ 2ರ ಹತ್ತಿರ, ಅಥವಾ ಪ್ಲಾನ್‌ನಲ್ಲಿ ಬರೆದ ಕಡಿಮೆ ವೇಗದ ಹತ್ತಿರ ಗೂಟ ಹೊಡೆದಂತೆ ನಿಂತಿದ್ದರೆ ಅದು ಮಿತಿ. ಬೆಳಗ್ಗೆ 80, ರಾತ್ರಿ 15 ಹೀಗೆ ಏರಿಳಿದರೆ ಅದು ಲೈನಿನ ಜನಸಂದಣಿ. ರೂಟರ್ ಹತ್ತಿರ ಚೆನ್ನಾಗಿದ್ದು ಒಳಕೋಣೆಯಲ್ಲಿ ಮಾತ್ರ ಇಲ್ಲದಿದ್ದರೆ ಅದು ನಮ್ಮ ದಪ್ಪ ಕೆಂಪುಕಲ್ಲಿನ ಗೋಡೆ. ಅದಕ್ಕೆ ಕಂಪೆನಿಯೊಂದಿಗೆ ಜಗಳ ಮಾಡಿ ಪ್ರಯೋಜನವಿಲ್ಲ, ರೂಟರ್ ಜಾಗ ಬದಲಾಯಿಸಬೇಕು.

ಮೀಟರ್ ಲೆಕ್ಕದ ಮೇಲೆಯೇ ಸಂಶಯ ಇದ್ದರೆ ಅದಕ್ಕೂ ಒಂದು ಪರೀಕ್ಷೆ ಇದೆ. ಎರಡು ದಿನ ಮನೆ ಬೀಗ ಹಾಕಿ ಹೋಗುವ ಸಂದರ್ಭ ಬಂದರೆ, ಹೊರಡುವಾಗ ಆ್ಯಪ್‌ನಲ್ಲಿರುವ ಬಳಕೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ರೂಟರ್‌ನ ಪ್ಲಗ್ ಕಿತ್ತು ಹೋಗಿ. ಬಂದ ಮೇಲೆ, ಪ್ಲಗ್ ಹಾಕುವ ಮೊದಲೇ, ಮೊಬೈಲ್ ಡೇಟಾದಿಂದ ಆ್ಯಪ್ ತೆರೆದು ಮತ್ತೊಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಕೆಲವು ಆ್ಯಪ್‌ಗಳಲ್ಲಿ ಲೆಕ್ಕ ಕೆಲವು ಗಂಟೆ ತಡವಾಗಿ ಸೇರುವುದರಿಂದ ಸ್ವಲ್ಪ ವ್ಯತ್ಯಾಸ ಇರಬಹುದು. ಆದರೆ ಪ್ಲಗ್ ಇಲ್ಲದ ರೂಟರ್ ದಿನಗಟ್ಟಲೆ ಜಿಬಿ ತಿನ್ನಲು ಸಾಧ್ಯವಿಲ್ಲ.

ಇದು ಬರೇ ಬಾಯಿಮಾತಲ್ಲ. ನಾನು ಕಲಿಸುವ ಮದ್ರಸದ ಆಫೀಸಿನಲ್ಲಿ ಒಂದು ಸಣ್ಣ ಕನೆಕ್ಷನ್ ಇದೆ. ಹತ್ತು ದಿನದ ರಜೆಯಲ್ಲಿ ಆಫೀಸ್ ಬೀಗ ಹಾಕಿ, ಸಿಡಿಲಿನ ಭಯಕ್ಕೆ ಎಲ್ಲ ಪ್ಲಗ್ ಕಿತ್ತಿದ್ದೆವು. ರಜೆ ಮುಗಿದು ಬಂದು ನೋಡಿದರೆ ಆ ಹತ್ತು ದಿನದಲ್ಲಿ 40 ಜಿಬಿ ಖರ್ಚಾಗಿದೆ ಎಂದು ಲೆಕ್ಕ. ಎರಡು ಸಲ ಫೋನ್ ಮಾಡಿದೆ. “ಉಸ್ತಾದ್, ಮಕ್ಕಳು ಬಳಸಿರಬಹುದು” ಎಂದರು. ಬೀಗ ಹಾಕಿದ ಆಫೀಸಿಗೆ ಯಾವ ಮಕ್ಕಳು? ಮೂರನೇ ಸಲ ಫೋನ್ ಮಾಡಲಿಲ್ಲ. ತಾರೀಕು, ಎರಡು ಸ್ಕ್ರೀನ್‌ಶಾಟ್, ‘ಆ ದಿನಗಳ ದಿನವಾರು ಬಳಕೆಯ ವಿವರ ಕೊಡಿ’ ಎಂಬ ಒಂದು ವಾಕ್ಯ, ಇಷ್ಟನ್ನು ಕಂಪೆನಿಯ ದೂರು ಇಮೇಲ್‌ಗೆ ಕಳಿಸಿದೆ. ನಾಲ್ಕು ದಿನದಲ್ಲಿ ಉತ್ತರ ಬಂತು. ಇನ್ನೊಂದು ಕನೆಕ್ಷನ್‌ನ ಬಳಕೆ ನಮ್ಮ ಐಡಿಗೆ ಸೇರಿತ್ತಂತೆ. ಲೆಕ್ಕ ಸರಿಮಾಡಿದರು. ಫೋನಿನಲ್ಲಿ ಹೇಳಿದ್ದೂ ಇದೇ ಮಾತು, ಇಮೇಲ್‌ನಲ್ಲಿ ಹೇಳಿದ್ದೂ ಇದೇ ಮಾತು. ಬರೆದದ್ದಕ್ಕೆ ಮಾತ್ರ ಉತ್ತರ ಬಂತು.

ದೂರಿಗೆ ಮೆಟ್ಟಿಲುಗಳಿವೆ

ನಮ್ಮಲ್ಲಿ ಹೆಚ್ಚಿನವರು ದೂರು ಎಂದರೆ ತಂತಿ ಎಳೆದ ಲೋಕಲ್ ಆಪರೇಟರ್‌ಗೆ ಫೋನ್ ಮಾಡುವುದು ಎಂದುಕೊಂಡಿದ್ದಾರೆ. ಅವರು ನಮ್ಮೂರಿನವರೇ, ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ರಾತ್ರಿಯಲ್ಲೂ ಏಣಿ ಹಿಡಿದು ಬರುವವರು. ಅವರನ್ನು ಗೌರವದಿಂದಲೇ ಮಾತಾಡಿಸಬೇಕು. ಆದರೆ ಡೇಟಾ ಲೆಕ್ಕ ಇರುವುದು ಅವರ ಕೈಯಲ್ಲಲ್ಲ, ಕಂಪೆನಿಯ ಕಂಪ್ಯೂಟರ್‌ನಲ್ಲಿ. ಅವರಿಗೆ ಹೇಳಿದ್ದು ದೂರು ಆಗುವುದಿಲ್ಲ.

ಮೊದಲ ಮೆಟ್ಟಿಲು ಕಂಪೆನಿಯ ದೂರು ಕೇಂದ್ರ. ನಂಬರ್ ಬಿಲ್‌ನಲ್ಲಿ, ಆ್ಯಪ್‌ನಲ್ಲಿ ಇರುತ್ತದೆ. 2012ರ ನಿಯಮದ ಪ್ರಕಾರ ಪ್ರತಿ ದೂರಿಗೂ ಒಂದು ಡಾಕೆಟ್ ನಂಬರ್ ಕೊಡಬೇಕು. ಆ ನಂಬರ್ ಸಿಗದೆ ಫೋನ್ ಇಡಬೇಡಿ. ತಾರೀಕಿನೊಂದಿಗೆ ಬರೆದಿಟ್ಟುಕೊಳ್ಳಿ.

ಎರಡನೇ ಮೆಟ್ಟಿಲು ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರ. ದೂರಿಗೆ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ 30 ದಿನಗಳ ಒಳಗೆ ಇಲ್ಲಿಗೆ ಹೋಗಬೇಕು. ಫೀಸ್ ಇಲ್ಲ. ಇವರು 39 ದಿನಗಳ ಒಳಗೆ ತೀರ್ಮಾನ ಹೇಳಬೇಕು. ಪ್ರತಿ ಕಂಪೆನಿಯ ದೂರು ಕೇಂದ್ರ ಮತ್ತು ಮೇಲ್ಮನವಿ ಪ್ರಾಧಿಕಾರದ ವಿಳಾಸ ಟ್ರಾಯ್ ವೆಬ್‌ಸೈಟ್‌ನಲ್ಲಿ ಇದೆ. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ತಾನೇ ವಿಚಾರಣೆ ಮಾಡುವುದಿಲ್ಲ. ನೇರ ಅಲ್ಲಿಗೆ ಬರೆದರೆ ಕಂಪೆನಿಯ ಕಡೆಗೇ ಕಳಿಸುತ್ತಾರೆ.

ಜೊತೆಯಲ್ಲೇ 1915ಕ್ಕೆ ಫೋನ್ ಮಾಡಬಹುದು. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ಕಂಪೆನಿಗೆ ವಿಷಯ ತಲುಪಿಸಿ ಉತ್ತರ ತರಿಸುತ್ತಾರೆ. ಸಣ್ಣ ತಕರಾರುಗಳು ಇಲ್ಲೇ ಮುಗಿಯುವುದೂ ಉಂಟು.

ಮೂರನೇ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ವಿಷಯಕ್ಕೆ ಗ್ರಾಹಕ ಕೋರ್ಟ್‌ಗೆ ಹೋಗಲಿಕ್ಕಾಗುವುದಿಲ್ಲ ಎಂದು ಈಗಲೂ ಕೆಲವರು ಹೇಳುತ್ತಾರೆ. 2009ರ ಒಂದು ತೀರ್ಪಿನಿಂದಾಗಿ ಹಾಗೆ ಇದ್ದದ್ದು ನಿಜ. ಆದರೆ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಟೆಲಿಕಾಂ ಸೇವೆಯ ದೂರನ್ನು ಗ್ರಾಹಕ ಆಯೋಗ ಕೇಳಬಹುದು ಎಂದು ಸ್ಪಷ್ಟವಾಗಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವೆ’ ಎಂಬುದರ ಅಡಿ ಟೆಲಿಕಾಂ ಕೂಡ ಸೇರಿದೆ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪೆನಿಯ ಹೆಡ್ ಆಫೀಸ್ ಇರುವ ಊರಿಗೆ ಹೋಗಬೇಕಾಗಿಲ್ಲ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಫೀಸ್ ಇಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಘಟನೆಯಾಗಿ 2 ವರ್ಷದ ಒಳಗೆ ಹೋಗಬೇಕು. ತಿಂಗಳ 600 ರೂಪಾಯಿಗಾಗಿ ಅಲ್ಲಿ ತನಕ ಯಾರು ಹೋಗುತ್ತಾರೆ ಎಂದು ಕೇಳಬಹುದು. ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿಸಿಕೊಂಡು ಹೇಳಿದ ವೇಗ ಕೊಡದಿದ್ದರೆ, ಸುಳ್ಳು ಬಾಕಿ ತೋರಿಸಿ ನೋಟಿಸ್ ಕಳಿಸಿದರೆ ಆಗ ಈ ಬಾಗಿಲು ಇದೆ ಎಂದು ಗೊತ್ತಿರಬೇಕು.

ದೂರನ್ನು ಹೀಗೆ ಬರೆಯಬಹುದು

ದೊಡ್ಡ ಪತ್ರ ಬೇಡ. ಬೈಗುಳ ಬೇಡ. ಇಮೇಲ್ ಬರೆಯಲು ಮನೆಯ ಮಕ್ಕಳಿಗೆ ಗೊತ್ತು. ಬೇಕಾದ್ದು ಇಷ್ಟೇ:

“ನನ್ನ ಗ್ರಾಹಕ ಐಡಿ ಇಷ್ಟು. ಪ್ಲಾನ್‌ನ ಹೆಸರು ಇದು. ಬಿಲ್ ಅವಧಿ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ. ಇಂಥ ದಿನದಿಂದ ವೇಗ ಇಷ್ಟಕ್ಕೆ ಇಳಿದಿದೆ, ಸ್ಪೀಡ್ ಟೆಸ್ಟ್‌ನ ಮೂರು ಸ್ಕ್ರೀನ್‌ಶಾಟ್ ಜೊತೆಗಿದೆ. ಬಳಕೆ ಶೇ. 50, ಶೇ. 90 ಮತ್ತು ಶೇ. 100 ತಲುಪಿದಾಗ ನನಗೆ ಮೆಸೇಜ್ ಬಂದಿಲ್ಲ. ಮೆಸೇಜ್ ಯಾವ ನಂಬರಿಗೆ, ಯಾವ ದಿನ ಕಳಿಸಿದ್ದೀರಿ ಎಂದು ತಿಳಿಸಿ. ಈ ಅವಧಿಯ ದಿನವಾರು ಬಳಕೆಯ ವಿವರ ಕೊಡಿ. ಮಿತಿಯ ನಂತರದ ವೇಗ ಎಷ್ಟೆಂದು ಬರಹದಲ್ಲಿ ತಿಳಿಸಿ. ಡಾಕೆಟ್ ನಂಬರ್ ಕಳಿಸಿ.”

ಇದರಲ್ಲಿ ‘ಯಾವ ನಂಬರಿಗೆ’ ಎಂಬ ಪ್ರಶ್ನೆಯನ್ನು ಬಿಡಬೇಡಿ. ತಪ್ಪು ಎಲ್ಲಿ ಆಗಿದೆ ಎಂದು ಬಹಳ ಸಲ ಆ ಒಂದೇ ಉತ್ತರದಲ್ಲಿ ಗೊತ್ತಾಗುತ್ತದೆ.

ಕಂಪೆನಿಯ ಮಾತಿನಲ್ಲೂ ಸ್ವಲ್ಪ ನಿಜ ಇದೆ

ಮಿತಿ ಏಕೆ ಇಡುತ್ತಾರೆ ಎಂಬುದನ್ನೂ ತಿಳಿಯೋಣ. ಓಣಿಗೆ ಬರುವ ಒಂದು ಫೈಬರ್ ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಬಹಳ ಕಡೆ ಇರುವ ತಂತ್ರಜ್ಞಾನದಲ್ಲಿ ಆ ಎಳೆಯ ಒಟ್ಟು ಸಾಮರ್ಥ್ಯ ಸುಮಾರು 2.5 ಜಿಬಿಪಿಎಸ್. 64 ಮನೆಯವರೂ ಒಂದೇ ಕ್ಷಣ ಪೂರ್ತಿ ಎಳೆದರೆ ತಲಾ 39 ಎಂಬಿಪಿಎಸ್ ಸಿಗುತ್ತದೆ ಅಷ್ಟೆ. ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಎಂಬ ನಂಬಿಕೆಯಲ್ಲೇ 100ರ ಪ್ಲಾನ್ ಮಾರುತ್ತಾರೆ. ಪಂಚಾಯತ್ ನೀರಿನಂತೆ, ಒಬ್ಬರು ಮೋಟರ್ ಹಾಕಿ ಎಳೆದರೆ ತುದಿಯ ಮನೆಗೆ ಬರುವುದಿಲ್ಲ. ಆದ್ದರಿಂದ ಮಿತಿಗೆ ಒಂದು ಅರ್ಥ ಇದೆ. ಮೀನು ಮಾರುವವನು ಬಂಗುಡೆಗೆ ಎಷ್ಟು ರೇಟು ಹೇಳುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು, ಆದರೆ ತಕ್ಕಡಿ ನಮಗೆ ಕಾಣುವಂತೆ ಹಿಡಿಯಬೇಕು. ಕಂಪೆನಿಯಿಂದ ನಾವು ಕೇಳುವುದೂ ಅಷ್ಟೆ.

ಹೊಸ ಕನೆಕ್ಷನ್ ತೆಗೆದುಕೊಳ್ಳುವ ಮೊದಲು

ಮನೆಗೆ ಪ್ಲಾನ್ ಮಾರಲು ಬಂದವರಿಗೆ ಐದು ಪ್ರಶ್ನೆ ಕೇಳಿ. ತಿಂಗಳಿಗೆ ಎಷ್ಟು ಜಿಬಿ? ಮುಗಿದ ಮೇಲೆ ಎಷ್ಟು ವೇಗ? ಕಳಿಸುವ ಡೇಟಾವೂ ಲೆಕ್ಕಕ್ಕೆ ಸೇರುತ್ತದೆಯೇ? ಆರು ತಿಂಗಳು, ಒಂದು ವರ್ಷದ ಪ್ಲಾನ್ ಆದರೆ ಈ ತಿಂಗಳು ಉಳಿದದ್ದು ಮುಂದಿನ ತಿಂಗಳಿಗೆ ಸೇರುತ್ತದೆಯೇ? ಹೇಳಿದ ರೇಟು ಜಿಎಸ್‌ಟಿ ಸೇರಿಯೋ, ಬಿಟ್ಟೋ? ಇಂಟರ್ನೆಟ್‌ಗೆ ಜಿಎಸ್‌ಟಿ ಶೇ. 18, ಹಾಗಾಗಿ 599 ಎಂದು ಹೇಳಿದ್ದು ಬಿಲ್ ಬರುವಾಗ 707 ಆಗಬಹುದು.

ಈ ಐದಕ್ಕೂ ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಲು ಹೇಳಿ. ಬರೆದು ಕೊಡಲು ಹಿಂದೆ ಮುಂದೆ ನೋಡಿದರೆ ಕಂಪೆನಿಯ ವೆಬ್‌ಸೈಟ್‌ನಲ್ಲಿ ನೀವೇ ನೋಡಿ, ನಂತರ ಒಪ್ಪಿಕೊಳ್ಳಿ. ದುಡ್ಡು ಕೊಟ್ಟ ಕೂಡಲೇ ರಶೀದಿ ಕೇಳಿ, ಅದರಲ್ಲಿ ಕಂಪೆನಿಯ ಹೆಸರಿದೆಯೇ ನೋಡಿ. ಕೈಗೆ ನಗದು ಕೊಟ್ಟು, ರಶೀದಿ ಇಲ್ಲದೆ, ‘ನಮ್ಮವರೇ ಅಲ್ವಾ’ ಎಂದು ಬಿಟ್ಟರೆ ನಾಳೆ ತಕರಾರು ಬಂದಾಗ ಗ್ರಾಹಕರು ಎಂದು ತೋರಿಸಿಕೊಳ್ಳಲೂ ಕಷ್ಟ. ಹೊಸಬರಿಗೆ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟುವ ಬದಲು ಮೊದಲು ಒಂದೆರಡು ತಿಂಗಳು ಬಳಸಿ ನೋಡುವುದು ಒಳ್ಳೆಯದು. ಡಿಸ್ಕೌಂಟ್ ಸ್ವಲ್ಪ ಹೋಗಬಹುದು, ಬಿಟ್ಟುಹೋಗುವ ಸ್ವಾತಂತ್ರ್ಯ ಉಳಿಯುತ್ತದೆ.

ಒಂದು ಕಾಲದಲ್ಲಿ ಮನೆಯ ಗಂಡಸರ ಕೈಗೆ ಬರುತ್ತಿದ್ದ ಕಾಗದಗಳು ಬಹಳ. ಇಂದು ಕರೆಂಟ್ ಬಿಲ್, ಗ್ಯಾಸ್, ಮಕ್ಕಳ ಶಾಲೆಯ ಮೆಸೇಜ್, ಸೀಟು ಹಂಚಿಕೆಯ ಆನ್‌ಲೈನ್ ಅರ್ಜಿ ಎಲ್ಲವನ್ನೂ ನಿಭಾಯಿಸುತ್ತಿರುವವರು ಮನೆಯಲ್ಲಿರುವ ಹೆಂಗಸರು. ಇಂಟರ್ನೆಟ್‌ನ ಲೆಕ್ಕ ಮಾತ್ರ ಸಮುದ್ರದಾಚೆಯ ಸಿಮ್‌ಗೆ ಹೋಗುವುದರಲ್ಲಿ ಅರ್ಥವಿಲ್ಲ. ಈ ಪುಟ ಓದಿ ಮುಗಿಸಿದ ಮೇಲೆ ಬಿಲ್ ತೆಗೆದು ನೋಡಿ. ನೋಂದಣಿಯಾದ ನಂಬರ್ ನಿಮ್ಮ ಮನೆಯಲ್ಲಿ ರಿಂಗ್ ಆಗುವ ಫೋನಿನದ್ದೋ ಅಲ್ಲವೋ, ಅದನ್ನು ಇವತ್ತೇ ತಿಳಿದುಕೊಳ್ಳಿ.